ಅವಳು ಯಾಕೆ ಹೇಳಲಿಲ್ಲ?

“ಬಾಯಿಬಿಟ್ಟು ಹೇಳಬಾರದಿತ್ತೇ?” ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ ಕಾದಂಬರಿ ಓದಿ ಮುಗಿಸಿದವರಿಂದ ನಾನು ಪದೇ ಪದೇ ಕೇಳಿದ ಮಾತು ಇದು. ಮೊದಲ ಸಲ ಓದಿದಾಗ ನಾನೂ ಇದನ್ನೇ ಕೇಳಿದ್ದೆ. ಸುಮಾರು ಇನ್ನೂರು ಪುಟಗಳ ಪುಸ್ತಕ. ಅದರ ಬಹುಪಾಲಿನಲ್ಲಿ ನಾಯಕಿ ತುಟಿ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಾಳೆ, ತರಗತಿ ತಪ್ಪಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ನೂರನೇ ಪುಟದ ಹೊತ್ತಿಗೆ ನನಗೆ ಅವಳ ಮೇಲೆ ಕನಿಕರಕ್ಕಿಂತ ಸಿಡುಕೇ ಹೆಚ್ಚಾಗಿತ್ತು. ಆ ಸಿಡುಕನ್ನು ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಓದುಗರ ಅಭಿಪ್ರಾಯ ಎಂದು ನಾವು ಕರೆಯುವುದು ಯಾವುದರ ಮೇಲಿನ ತೀರ್ಪು ಎಂಬ ಪ್ರಶ್ನೆ ಅದರ ಒಳಗಿದೆ.

ಕಾದಂಬರಿ ಬಂದದ್ದು 1999ರಲ್ಲಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರು, ಮೆರಿವೆದರ್ ಹೈಸ್ಕೂಲು. ಮೆಲಿಂಡಾ ಸಾರ್ಡಿನೊ ಒಂಬತ್ತನೇ ತರಗತಿಗೆ ಸೇರುವ ದಿನ ಕತೆ ಶುರುವಾಗುತ್ತದೆ. ಶಾಲಾ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರುವುದಿಲ್ಲ. ಬೇಸಿಗೆ ರಜೆಯ ಒಂದು ಪಾರ್ಟಿಯಿಂದ ಅವಳು ಪೊಲೀಸರಿಗೆ ಫೋನ್ ಮಾಡಿದ್ದಳು, ಅದರಿಂದ ಕೆಲವರು ಸಿಕ್ಕಿಬಿದ್ದರು. ಊರಿನ ಹುಡುಗ ಹುಡುಗಿಯರಿಗೆ ಗೊತ್ತಿರುವುದು ಅಷ್ಟೇ. ಅವಳು ಯಾಕೆ ಫೋನ್ ಮಾಡಿದಳು ಎಂಬುದು ಯಾರಿಗೂ ಗೊತ್ತಿಲ್ಲ. ಆ ರಾತ್ರಿ ಹಿರಿಯ ವಿದ್ಯಾರ್ಥಿಯೊಬ್ಬ ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಅವನೂ ಅದೇ ಶಾಲೆಯ ಕಾರಿಡಾರಿನಲ್ಲಿ ದಿನವೂ ಎದುರಾಗುತ್ತಾನೆ. ಅವನ ಹೆಸರನ್ನು ಅವಳು ಬಹಳ ಕಾಲ ಮನಸ್ಸಿನಲ್ಲೂ ಹೇಳಿಕೊಳ್ಳುವುದಿಲ್ಲ. ಅವನು ಅವಳಿಗೆ ಬರೀ ‘ಅದು’.

ಈ ಪುಸ್ತಕಕ್ಕೆ ಬಂದಷ್ಟು ಬಗೆಬಗೆಯ ಅಭಿಪ್ರಾಯಗಳು ಹದಿಹರೆಯದವರಿಗಾಗಿ ಬರೆದ ಬೇರೆ ಕಾದಂಬರಿಗೆ ಬಂದದ್ದು ಅಪರೂಪ. ಪ್ರಕಟವಾದ ವರ್ಷವೇ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಪಟ್ಟಿಗೆ ಬಂತು, ಮರುವರ್ಷ ಪ್ರಿಂಟ್ಜ್ ಗೌರವ ಪಡೆಯಿತು. 2010ರಲ್ಲಿ ಮಿಸೌರಿ ರಾಜ್ಯದ ಪ್ರಾಧ್ಯಾಪಕರೊಬ್ಬರು ಸ್ಥಳೀಯ ಪತ್ರಿಕೆಯಲ್ಲಿ ಬರೆದು, ಅತ್ಯಾಚಾರದ ಪ್ರಸಂಗಗಳಿಗಾಗಿ ಇದನ್ನು ಅಶ್ಲೀಲ ಸಾಹಿತ್ಯದ ಸಾಲಿಗೆ ಸೇರಿಸಿದರು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಪ್ರಕಟಿಸಿದ, 2020ರಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಹತ್ತು ಪುಸ್ತಕಗಳ ಪಟ್ಟಿಯಲ್ಲಿ ಇದು ನಾಲ್ಕನೆಯದು. ಆಕ್ಷೇಪದ ಕಾರಣಗಳಲ್ಲಿ ಒಂದು, ಗಂಡು ಮಕ್ಕಳ ವಿಷಯದಲ್ಲಿ ಪುಸ್ತಕ ಪಕ್ಷಪಾತಿ ಎಂಬುದು. ಇವೆಲ್ಲ ದೊಡ್ಡವರ ಅಭಿಪ್ರಾಯ. ಮಕ್ಕಳದ್ದು ಬೇರೆಯೇ ಇತ್ತು. ಆಂಡರ್ಸನ್ ಅವರಿಗೆ ಸಾವಿರಾರು ಪತ್ರಗಳು ಬಂದವು. ಎಷ್ಟೋ ಪತ್ರಗಳಲ್ಲಿ ಪುಸ್ತಕ ಚೆನ್ನಾಗಿದೆ ಎಂಬ ಒಂದು ಸಾಲಾದ ಮೇಲೆ, ಅದುವರೆಗೆ ಯಾರಿಗೂ ಹೇಳದ ಸಂಗತಿ ಇರುತ್ತಿತ್ತು. ಹತ್ತು ವರ್ಷ ತುಂಬಿದಾಗ ಅವರು ಆ ಪತ್ರಗಳ ಸಾಲುಗಳನ್ನೇ ಜೋಡಿಸಿ ಒಂದು ಕವಿತೆ ಮಾಡಿ ಹೊಸ ಆವೃತ್ತಿಯಲ್ಲಿ ಸೇರಿಸಿದರು. ಅದಕ್ಕೆ ಕೊಟ್ಟ ಹೆಸರು ‘ಲಿಸನ್’, ಅಂದರೆ ಕೇಳು.

ಈಗ ನನ್ನ ಸಿಡುಕಿಗೆ ಬರುತ್ತೇನೆ. ಎರಡನೇ ಸಲ ಓದುವಾಗ ಒಂದು ಪೆನ್ಸಿಲ್ ಹಿಡಿದು ಕೂತೆ. ಮೆಲಿಂಡಾ ಹೇಳಲು ಯತ್ನಿಸಿದ ಕಡೆಯೆಲ್ಲ ಗುರುತು ಹಾಕುತ್ತಾ ಹೋದೆ. ಪಾರ್ಟಿಯ ರಾತ್ರಿ ಅವಳು ಪೊಲೀಸರಿಗೆ ಫೋನ್ ಮಾಡಿದ್ದೇ ಮೊದಲ ಹೇಳಿಕೆ. ಆ ಕಡೆಯಿಂದ ದನಿ ಬಂದಾಗ ಅವಳ ಬಾಯಿಂದ ಮಾತು ಹೊರಡಲಿಲ್ಲ. ಮುಂದೆ ಅಂಕಗಳು ಬಿದ್ದವು, ಕಾಲು ವರ್ಷಕ್ಕೊಮ್ಮೆ ಮನೆಗೆ ಬರುವ ಅಂಕಪಟ್ಟಿ ಅದನ್ನು ಹೇಳಿತು. ತುಟಿಯ ಗಾಯ ಹೇಳಿತು. ಪೇಪರ್ ಕ್ಲಿಪ್ಪಿನಿಂದ ಮಣಿಕಟ್ಟನ್ನು ಗೀರಿಕೊಂಡಳು. ತಾಯಿ ಅದನ್ನು ನೋಡಿದರು, ಇದಕ್ಕೆಲ್ಲ ನನಗೆ ಪುರುಸೊತ್ತಿಲ್ಲ ಎಂಬ ಧಾಟಿಯಲ್ಲಿ ಮಾತಾಡಿ ಸುಮ್ಮನಾದರು. ಆ ಮನೆಯಲ್ಲಿ ತಂದೆ, ತಾಯಿ, ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಚೀಟಿ ಬರೆದಿಟ್ಟು ವ್ಯವಹರಿಸುತ್ತಾರೆ. ಚೀಟಿಯಲ್ಲಿ ಹಿಡಿಸುವ ಸಂಗತಿಗಳನ್ನಷ್ಟೇ ಅಲ್ಲಿ ಹೇಳಬಹುದು.

ಕಡೆಗೊಂದು ದಿನ ಅವಳು ನಿಜವಾಗಿಯೂ ಹೇಳುತ್ತಾಳೆ. ಹಳೆಯ ಗೆಳತಿ ರೇಚಲ್ ಅದೇ ಹುಡುಗನ ಜೊತೆ ಓಡಾಡುತ್ತಿದ್ದಾಳೆಂದು ಹೆದರಿ, ಲೈಬ್ರರಿಯಲ್ಲಿ ಕೂತು ಕಾಗದದ ಮೇಲೆ ಬರೆದು ತೋರಿಸುತ್ತಾಳೆ. ಅತ್ಯಾಚಾರ ನಡೆಯಿತು ಎಂಬಲ್ಲಿಯವರೆಗೆ ರೇಚಲ್ ಕರಗುತ್ತಾಳೆ. ಯಾರು ಎಂಬ ಹೆಸರು ಬಂದ ಕ್ಷಣ ನೀನು ಸುಳ್ಳಿ ಎನ್ನುತ್ತಾಳೆ, ಹೊಟ್ಟೆಕಿಚ್ಚು ಎನ್ನುತ್ತಾಳೆ. ಯಾಕೆ ಹೇಳಲಿಲ್ಲ ಎಂದು ಕೇಳುವ ಓದುಗರು ಈ ಪುಟವನ್ನು ದಾಟಿಯೇ ಬಂದಿರುತ್ತಾರೆ. ನಾನೂ ದಾಟಿ ಬಂದಿದ್ದೆ, ಆದರೂ ಆ ಪ್ರಶ್ನೆ ಕೇಳಿದ್ದೆ. ಹೇಳಿದರೆ ಏನಾಗುತ್ತದೆಂದು ಕಾದಂಬರಿ ಕಣ್ಣೆದುರೇ ತೋರಿಸಿದ್ದರೂ ಪ್ರಶ್ನೆ ಉಳಿಯುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಕಾದಂಬರಿಯೊಳಗಿನ ದೊಡ್ಡವರಿಗಿಲ್ಲದ ಅನುಕೂಲ ಓದುಗನಿಗಿದೆ. ತಾಯಿಗೆ, ಶಿಕ್ಷಕರಿಗೆ, ಆಪ್ತಸಲಹೆಗಾರ್ತಿಗೆ ಮೆಲಿಂಡಾಳ ಹೊರಗಿನ ಮೌನ ಮಾತ್ರ ಕಾಣುತ್ತದೆ. ನಮಗೆ ಅವಳ ತಲೆಯೊಳಗಿನ ಮಾತೆಲ್ಲ ಕೇಳಿಸುತ್ತದೆ. ಅಲ್ಲಿ ಅವಳು ಒಂದು ಗಳಿಗೆಯೂ ಸುಮ್ಮನಿಲ್ಲ. ಚುರುಕು ಹುಡುಗಿ, ಶಾಲೆಯ ಒಣಜಂಬವನ್ನೆಲ್ಲ ನೋಡಿ ಒಳಗೇ ನಗುತ್ತಾಳೆ. ಇಷ್ಟೆಲ್ಲ ಕೇಳಿಸಿಕೊಂಡ ಓದುಗನಿಗೂ ತಾಳ್ಮೆ ತಪ್ಪುವುದಾದರೆ, ಏನೂ ಕೇಳಿಸದ ತಾಯಿಯನ್ನು ದೂರುವ ಹಕ್ಕು ಅವನಿಗೆಷ್ಟಿದೆ? ನೂರು ಪುಟಕ್ಕೆ ನನಗೆ ಸಾಕಾಯಿತು. ಆ ತಾಯಿ ತಾಳಬೇಕಾಗಿದ್ದದ್ದು ಒಂದು ಇಡೀ ಶಾಲಾ ವರ್ಷ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮರೆಮಾಚಲಾರೆ. ನೊಂದವರ ಕತೆ ಎಂಬ ಕಾರಣಕ್ಕೆ ಪುಸ್ತಕ ಒಳ್ಳೆಯದಾಗುವುದಿಲ್ಲ. ಬೇಸರವಾದ ಓದುಗನಿಗೆ ನಿನಗೆ ಕರುಣೆಯಿಲ್ಲ ಎನ್ನುವುದು ವಿಮರ್ಶೆಯ ಬಾಯಿ ಕಟ್ಟುವ ಮಾತು. ಒಪ್ಪುತ್ತೇನೆ. 1971ರಲ್ಲಿ ಲೇಖಕರ ಹೆಸರಿಲ್ಲದೆ ಬಂದ ‘ಗೋ ಆಸ್ಕ್ ಆಲಿಸ್’ ಮಾದಕ ವಸ್ತುಗಳಿಗೆ ಬಲಿಯಾದ ಹುಡುಗಿಯೊಬ್ಬಳ ನಿಜ ದಿನಚರಿ ಎಂಬ ಹೆಸರಿನಲ್ಲಿ ಲಕ್ಷಾಂತರ ಮಕ್ಕಳ ಕೈಸೇರಿತು. ಅದರ ಹಿಂದೆ ಬಿಯಾಟ್ರಿಸ್ ಸ್ಪಾರ್ಕ್ಸ್ ಎಂಬ ನಡುವಯಸ್ಸಿನ ಲೇಖಕಿ ಇದ್ದದ್ದು ಆಮೇಲೆ ಹೊರಬಂತು. ಮಕ್ಕಳನ್ನು ಹೆದರಿಸಿ ದಾರಿಗೆ ತರುವುದಕ್ಕೆ ಕತ್ತಲೆಯನ್ನು ಬಳಸಿದ ಪುಸ್ತಕ ಅದು. ಅದನ್ನು ಕರುಣೆಯ ಹೆಸರಿನಲ್ಲಿ ಮೆಚ್ಚಬೇಕಿಲ್ಲ. ಹಾಗಾದರೆ ‘ಸ್ಪೀಕ್’ ನಿಧಾನವಾಗಿರುವುದಕ್ಕೆ ಕಲೆಯ ಲೆಕ್ಕದಲ್ಲಿ ಸಮರ್ಥನೆ ಇದೆಯೇ ಎಂದು ಕೇಳಬೇಕು.

ಇದೆ. ಅದು ಚಿತ್ರಕಲೆಯ ತರಗತಿಯಲ್ಲಿದೆ. ವರ್ಷದ ಮೊದಲ ದಿನ ಚಿತ್ರಕಲಾ ಶಿಕ್ಷಕ ಫ್ರೀಮನ್ ಒಂದು ಒಡೆದ ಭೂಗೋಳದೊಳಗೆ ಚೀಟಿಗಳನ್ನು ಹಾಕಿ ಒಬ್ಬೊಬ್ಬರಿಗೆ ಒಂದೊಂದು ಎತ್ತಿಸುತ್ತಾರೆ. ಯಾವ ವಸ್ತು ಬಂತೋ ವರ್ಷವಿಡೀ ಅದನ್ನೇ ಬಿಡಿಸಬೇಕು. ಮೆಲಿಂಡಾಳಿಗೆ ಬಂದದ್ದು ಮರ. ಇಷ್ಟೇ ತಾನೇ, ಎರಡನೇ ತರಗತಿಯಲ್ಲೇ ಕಲಿತಿದ್ದೆ ಎಂದುಕೊಳ್ಳುತ್ತಾಳೆ. ಜಲವರ್ಣದಲ್ಲಿ ಸಿಡಿಲು ಬಡಿದ ಮರ ಬಿಡಿಸುತ್ತಾಳೆ, ಲಿನೋಲಿಯಂ ಹಲಗೆಯಲ್ಲಿ ಕೊರೆಯುತ್ತಾಳೆ, ಸರಿಹೋಗದೆ ಮತ್ತೆ ಮತ್ತೆ ಹಾಳುಮಾಡುತ್ತಾಳೆ. ವಸಂತದಲ್ಲಿ ಮನೆಯಂಗಳದ ಮುದಿ ಓಕ್ ಮರದ ರೋಗ ಹಿಡಿದ ಕೊಂಬೆಗಳನ್ನು ಕಡಿಯುವವರು ಬರುತ್ತಾರೆ. ಕಡಿದರೇ ಮರ ಉಳಿಯುವುದು ಎಂಬುದನ್ನು ಅವಳು ನಿಂತು ನೋಡುತ್ತಾಳೆ. ಮರದ ಚಿತ್ರ ಒಂದು ವಾರದಲ್ಲಿ ಮೂಡಿಬಿಟ್ಟಿದ್ದರೆ ಈ ಕಾದಂಬರಿ ಸುಳ್ಳಾಗುತ್ತಿತ್ತು. ಅವಳ ಗಂಟಲಲ್ಲಿ ಕಟ್ಟಿಕೊಂಡದ್ದಕ್ಕೂ ಕೈಯಲ್ಲಿ ಮೂಡದ ಮರಕ್ಕೂ ಒಂದೇ ಕಾಲಮಾನ. ಆ ಕಾಲವನ್ನು ಓದುಗ ಪುಟಗಳ ಲೆಕ್ಕದಲ್ಲಿ ಅನುಭವಿಸಲೇಬೇಕು. ಇದನ್ನು ಬೇಸರವೆಂದು ಬರೆದಿಟ್ಟ ಓದುಗ ಪುಸ್ತಕವನ್ನು ಸರಿಯಾಗಿಯೇ ಅನುಭವಿಸಿದ್ದಾನೆ, ಅದಕ್ಕೆ ತಪ್ಪು ಹೆಸರು ಕೊಟ್ಟಿದ್ದಾನೆ.

ತಪ್ಪು ಹೆಸರು ಎಂದ ಮೇಲೆ ಹೆಸರಿನ ವಿಷಯಕ್ಕೇ ಬರಬೇಕು. ಬ್ರಿಟನ್ನಿನ ತತ್ವಶಾಸ್ತ್ರಜ್ಞೆ ಮಿರಾಂಡ ಫ್ರಿಕರ್ 2007ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅರಿವಿಗೆ ಸಂಬಂಧಿಸಿದಂತೆ ಮನುಷ್ಯನಿಗೆ ಆಗುವ ಎರಡು ಬಗೆಯ ಅನ್ಯಾಯಗಳನ್ನು ಗುರುತಿಸುತ್ತಾರೆ. ಹೇಳುವವರು ಯಾರು ಎಂಬುದನ್ನು ನೋಡಿ ಅವರ ಮಾತಿನ ತೂಕವನ್ನು ಇಳಿಸುವುದು ಒಂದು. ರೇಚಲ್ ಮಾಡಿದ್ದು ಇದನ್ನೇ. ಎರಡನೆಯದು ಇನ್ನೂ ಆಳದ್ದು: ಆದದ್ದನ್ನು ಹೇಳಲು ಸಮಾಜದ ಬಳಿ ಪದವೇ ಇಲ್ಲದಿರುವುದು, ಹಾಗಾಗಿ ಅನುಭವಿಸಿದವರಿಗೇ ಅದು ಏನೆಂದು ತಿಳಿಯದಿರುವುದು. ಫ್ರಿಕರ್ ಕೊಡುವ ಉದಾಹರಣೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕಿದ್ದ ಮಹಿಳೆಯೊಬ್ಬರದು. ಮೇಲಿನವನ ಕಾಟ ತಾಳಲಾರದೆ ಅವರು ಕೆಲಸ ಬಿಟ್ಟರು. ನಿರುದ್ಯೋಗ ಭತ್ಯೆಯ ಅರ್ಜಿಯಲ್ಲಿ ಕಾರಣ ಬರೆಯಬೇಕಾದಾಗ ಅದಕ್ಕೊಂದು ಹೆಸರಿರಲಿಲ್ಲ. ವೈಯಕ್ತಿಕ ಕಾರಣ ಎಂದರು, ಭತ್ಯೆ ಸಿಗಲಿಲ್ಲ. 1975ರಲ್ಲಿ ಇಥಾಕಾ ಊರಿನಲ್ಲಿ ಇಂಥ ಅನುಭವದ ಹೆಂಗಸರು ಒಟ್ಟಿಗೆ ಕೂತು ಅದಕ್ಕೊಂದು ಹೆಸರು ಹುಡುಕಿದರು. ಇಂದು ನಾವು ಲೈಂಗಿಕ ಕಿರುಕುಳ ಎನ್ನುವ ಮಾತಿನ ಇಂಗ್ಲಿಷ್ ರೂಪ ಬಳಕೆಗೆ ಬಂದದ್ದು ಹೀಗೆ. ಇಥಾಕಾದಿಂದ ಮೆಲಿಂಡಾಳ ಸಿರಾಕ್ಯೂಸ್‌ಗೆ ನೂರು ಕಿಲೋಮೀಟರೂ ಇಲ್ಲ.

ಮೆಲಿಂಡಾಳ ಬಳಿಯೂ ಮೊದಲಿಗೆ ಹೆಸರಿಲ್ಲ. ಕತೆ ಅರ್ಧಕ್ಕಿಂತ ಮುಂದೆ ಹೋದ ಮೇಲೆ, ಕಾಯಿಲೆ ಬಿದ್ದು ಮನೆಯಲ್ಲಿ ಟಿವಿ ನೋಡುತ್ತಾ ಮಲಗಿದ್ದಾಗ, ನನಗೆ ಆದದ್ದು ಅತ್ಯಾಚಾರವೇ ಎಂದು ಅವಳು ತನ್ನನ್ನು ತಾನೇ ಕೇಳಿಕೊಳ್ಳುತ್ತಾಳೆ. ಆ ಪ್ರಶ್ನೆಗೆ ಮುಂಚೆ ಅವಳು ಯಾರಿಗಾದರೂ ಏನೆಂದು ಹೇಳಬೇಕಿತ್ತು?

ಈ ಹೆಸರಿಲ್ಲದ ಸ್ಥಿತಿ ಹುಡುಗರದೂ ಹೌದು. 2019ರಲ್ಲಿ ‘ಟೈಮ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಆಂಡರ್ಸನ್ ಇಪ್ಪತ್ತು ವರ್ಷ ಶಾಲೆಗಳಲ್ಲಿ ಹುಡುಗರೊಂದಿಗೆ ಮಾತಾಡಿದ್ದನ್ನು ನೆನೆಯುತ್ತಾರೆ. ಮೆಲಿಂಡಾ ಅಷ್ಟೊಂದು ನೊಂದುಕೊಂಡದ್ದು ಯಾಕೆ ಎಂದು ಹುಡುಗರು ಅವರನ್ನು ಮತ್ತೆ ಮತ್ತೆ ಕೇಳಿದ್ದರು. ಅತ್ಯಾಚಾರವೆಂದರೆ ಆಯುಧ ಹಿಡಿದ ಅಪರಿಚಿತ ಪೊದೆಯ ಮರೆಯಿಂದ ಎರಗುವುದು ಎಂದು ಅವರ ತಿಳಿವಳಿಕೆ. ಪಾರ್ಟಿ, ಪರಿಚಯದ ಹುಡುಗ, ಕುಡಿತ, ಕೂಗದ ಹುಡುಗಿ: ಇದು ಅವರ ನಿಘಂಟಿನಲ್ಲಿ ಆ ಪದದ ಅಡಿ ಬರುತ್ತಿರಲಿಲ್ಲ. ಈ ಹುಡುಗರ ಅಭಿಪ್ರಾಯ ಕೇಳಿದರೆ ಮೊದಲು ರಕ್ತ ಕುದಿಯುತ್ತದೆ. ಆಂಡರ್ಸನ್ ಕುದಿಯಲಿಲ್ಲ, ಸಮ್ಮತಿ ಎಂದರೇನೆಂದು ಈ ಮಕ್ಕಳಿಗೆ ಯಾವ ದೊಡ್ಡವರೂ ಕೂರಿಸಿಕೊಂಡು ಹೇಳಿಲ್ಲ ಎಂಬುದನ್ನು ಅದರಲ್ಲಿ ಕಂಡರು. ತಾನೂ ಹದಿಮೂರರಲ್ಲಿ ಅತ್ಯಾಚಾರಕ್ಕೆ ಒಳಗಾಗಿದ್ದನ್ನು ಅದೇ ವರ್ಷ ‘ಶೌಟ್’ ಎಂಬ ಆತ್ಮಕಥನದಲ್ಲಿ ಬರೆದ ಲೇಖಕಿ ಅವರು. ಅವರಿಗೆ ಸಾಧ್ಯವಾದ ತಾಳ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ. ಪುಸ್ತಕ ಗಂಡು ಮಕ್ಕಳ ವಿರುದ್ಧ ಎಂದು ಆಕ್ಷೇಪಿಸಿದವರು, ಆ ಪ್ರಶ್ನೆಯನ್ನು ಜೋರಾಗಿ ಕೇಳಲು ಹುಡುಗರಿಗೆ ಸಿಕ್ಕ ಏಕೈಕ ಜಾಗ ಬಹುಶಃ ಈ ಪುಸ್ತಕದ ತರಗತಿಯೇ ಆಗಿತ್ತೆಂಬುದನ್ನು ಗಮನಿಸಲಿಲ್ಲ.

ನಮ್ಮ ಮಾತಿನಲ್ಲಿ ಇದು ಹೇಗಿದೆ? ಅತ್ಯಾಚಾರ ನಮಗೆ ಪತ್ರಿಕೆಯ ಪದ. ಮನೆಯೊಳಗೆ, ಜಗಲಿಯ ಮೇಲೆ ಆಡುವ ಮಾತು ಬೇರೆ. ಹುಡುಗಿಯನ್ನು ಕೆಡಿಸಿದ, ಹಾಳುಮಾಡಿದ, ಅವಳ ಮಾನ ಹೋಯಿತು, ಅವಳು ಕೆಟ್ಟುಹೋದಳು. ಈ ಮಾತುಗಳ ವ್ಯಾಕರಣವನ್ನೇ ನೋಡಿ. ಹಾಲು ಕೆಡುತ್ತದೆ, ಸಾರು ಕೆಡುತ್ತದೆ, ಕೆಟ್ಟದ್ದನ್ನು ಚೆಲ್ಲುತ್ತೇವೆ. ಅಪರಾಧ ಮಾಡಿದವನು ವಾಕ್ಯದಿಂದ ಜಾರಿಹೋಗಿ, ಅಪರಾಧವಾದ ಮೈಯೇ ಕೆಟ್ಟ ವಸ್ತುವಾಗಿ ಉಳಿಯುತ್ತದೆ. ಹದಿನಾಲ್ಕರ ಹುಡುಗಿ ಈ ಪದಗಳಲ್ಲಿ ಅಮ್ಮನಿಗೆ ಹೇಳಬೇಕೆಂದರೆ ನಾನು ಕೆಟ್ಟೆ ಎಂದೇ ಹೇಳಬೇಕು. ಯಾವ ಮಗು ಹಾಗೆ ಹೇಳೀತು? ಈಚಿನ ವರ್ಷಗಳಲ್ಲಿ ಶಾಲೆಗಳಲ್ಲಿ ಗುಡ್ ಟಚ್, ಬ್ಯಾಡ್ ಟಚ್ ಎಂದು ಕಲಿಸುತ್ತಿದ್ದಾರೆ. 2012ರ ಪೋಕ್ಸೊ ಕಾಯ್ದೆಯ ಹೆಸರೂ ಮಕ್ಕಳ ಕಿವಿಗೆ ಬಿದ್ದಿದೆ. ಇವನ್ನು ಎರವಲು ಪದವೆಂದು ಹಗುರ ಮಾಡುವವರ ಜೊತೆ ನನಗೆ ಜಗಳವಿದೆ. ತನ್ನನ್ನು ಕೆಟ್ಟ ವಸ್ತುವೆಂದು ಕರೆಯದೆ ಆದದ್ದನ್ನು ಹೇಳಲು ಆ ಮಗುವಿಗೆ ಇರುವ ಪದಗಳು ಸದ್ಯಕ್ಕೆ ಇವೇ.

2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಪ್ರಕಟಿಸಿದ ಅಧ್ಯಯನ ಹದಿಮೂರು ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ತಮಗಾಗಿದೆ ಎಂದ ಮಕ್ಕಳು ಶೇ. 53.22. ಅದನ್ನು ಯಾರಿಗೂ ಹೇಳದವರೇ ಅವರಲ್ಲಿ ಹೆಚ್ಚು. ಮಕ್ಕಳ ಸಹಾಯವಾಣಿ 1098ಕ್ಕೆ ಬರುವ ಕರೆಗಳ ಲೆಕ್ಕದಲ್ಲಿ ಸೈಲೆಂಟ್ ಕಾಲ್ ಎಂಬುದೇ ಒಂದು ವಿಭಾಗ. ಆ ಕಡೆ ಯಾರೋ ಫೋನ್ ಹಿಡಿದಿದ್ದಾರೆ, ಮಾತಿಲ್ಲ. ಅಂಥ ಕರೆಗಳನ್ನು ಕತ್ತರಿಸದೆ ಕೇಳಿಸಿಕೊಳ್ಳುತ್ತಾ ಕೂರುವುದು ಆ ಕೆಲಸದ ಭಾಗ. ಇಂದು ಮಾತಾಡದ ಮಗು ನಾಳೆ ಮತ್ತೆ ಕರೆ ಮಾಡಬಹುದು. ಸಿರಾಕ್ಯೂಸಿನ ಹುಡುಗಿ ಕಾದಂಬರಿಯಲ್ಲಿ ಮಾಡಿದ ಮಾತಿಲ್ಲದ ಕರೆ ನಮ್ಮ ದೇಶದಲ್ಲಿ ದಿನವೂ ಬರುತ್ತಿದೆ.

ಇಷ್ಟಾದರೂ, ಇಂಥ ಕತ್ತಲೆ ಮಕ್ಕಳಿಗೆ ಬೇಕೇ ಎನ್ನುವವರ ಅಳುಕನ್ನು ನಾನು ತಳ್ಳಿಹಾಕುವುದಿಲ್ಲ. 2011ರ ಜೂನ್‌ನಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿ ಮೇಗನ್ ಕಾಕ್ಸ್ ಗರ್ಡನ್ ಎಂಬ ವಿಮರ್ಶಕಿ, ಹದಿಹರೆಯದ ಸಾಹಿತ್ಯದಲ್ಲಿ ಹಿಂಸೆ, ಸ್ವಂತ ಮೈಗೆ ಗಾಯ ಮಾಡಿಕೊಳ್ಳುವುದು ತುಂಬಿದೆ, ಇದು ಅಂಥದ್ದನ್ನು ಸಾಮಾನ್ಯವೆನಿಸುವಂತೆ ಮಾಡೀತು ಎಂದು ಬರೆದಾಗ ದೊಡ್ಡ ಗಲಾಟೆಯಾಯಿತು. ಈ ಪುಸ್ತಕಗಳೇ ನನ್ನನ್ನು ಉಳಿಸಿದವು ಎಂದು ಸಾವಿರಾರು ಓದುಗರು ಬರೆದರು. ಆದರೂ ಗರ್ಡನ್ ಅವರ ಭಯ ಒಂದು ಕಡೆ ನಿಜವಿದೆ. ಜೇ ಆಶರ್ ಅವರ 2007ರ ‘ಥರ್ಟೀನ್ ರೀಸನ್ಸ್ ವೈ’ ಕಾದಂಬರಿಯಲ್ಲಿ ಹ್ಯಾನಾ ಎಂಬ ಹುಡುಗಿ ಸತ್ತ ಮೇಲೆ ಅವಳ ಧ್ವನಿಮುದ್ರಿತ ಕ್ಯಾಸೆಟ್‌ಗಳು ತಪ್ಪಿತಸ್ಥರ ಮನೆ ಮನೆಗೆ ಹೋಗುತ್ತವೆ. ಬದುಕಿದ್ದಾಗ ಯಾರೂ ಕೇಳದ ಮಾತನ್ನು ಸತ್ತ ಮೇಲೆ ಎಲ್ಲರೂ ಕೂತು ಕೇಳುತ್ತಾರೆ. ಸಾವು ಅಲ್ಲಿ ಕೇಳುಗರನ್ನು ಗಳಿಸಿಕೊಡುವ ಸಾಧನವಾಗಿಬಿಡುತ್ತದೆ. 2017ರಲ್ಲಿ ಅದು ಧಾರಾವಾಹಿಯಾಗಿ ಬಂದಾಗ ವೈದ್ಯರು ಆತಂಕಪಟ್ಟರು. ಹ್ಯಾನಾ ಸಾಯುವ ದೃಶ್ಯವನ್ನು ನೆಟ್‌ಫ್ಲಿಕ್ಸ್ 2019ರಲ್ಲಿ ತೆಗೆದುಹಾಕಿತು. ತೆಗೆದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಕತ್ತಲೆಯ ಪ್ರಮಾಣ ಎಷ್ಟು ಎಂದು ಅಳೆಯುವುದಕ್ಕಿಂತ, ಆ ಕತ್ತಲೆಯಲ್ಲಿ ಕೇಳಿಸಿಕೊಳ್ಳುವವರು ಸಿಗುವುದು ಬದುಕಿರುವವಳಿಗೋ ಸತ್ತವಳಿಗೋ ಎಂದು ಕೇಳಬೇಕು. ಮೆಲಿಂಡಾಳಿಗೆ ಕೇಳುಗರು ಸಿಗುವುದು ಬದುಕಿರುವಾಗ.

ಅವರು ಎಲ್ಲಿ ಸಿಗುತ್ತಾರೆಂಬುದೇ ಈ ಕಾದಂಬರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಶಾಲೆಯ ಹುಡುಗಿಯರ ಶೌಚಾಲಯದ ಗೋಡೆಯ ಮೇಲೆ ಅವಳು ಒಂದು ಶೀರ್ಷಿಕೆ ಬರೆಯುತ್ತಾಳೆ: ಇಂಥ ಹುಡುಗರಿಂದ ದೂರವಿರಿ ಎಂಬರ್ಥದ್ದು. ಅದರ ಕೆಳಗೆ ಒಂದೇ ಹೆಸರು, ಆ ರಾತ್ರಿಯ ಹುಡುಗನದು: ಆಂಡಿ ಇವಾನ್ಸ್. ಆಮೇಲೊಮ್ಮೆ ಹೋಗಿ ನೋಡಿದರೆ ಗೋಡೆ ತುಂಬಿದೆ. ಬೇರೆ ಬೇರೆ ಕೈಬರಹ, ಬೇರೆ ಬೇರೆ ಬಣ್ಣದ ಪೆನ್ನು. ಅವನು ನೀಚ, ಅವನನ್ನು ನಂಬಬೇಡಿ ಎಂಬ ಧಾಟಿಯ ಸಾಲುಗಳು, ಯಾರ ಕೈಯೆಂದು ತಿಳಿಯದ ಹುಡುಗಿಯರದು. ಅವಳು ಬರೆದ ಒಂದು ಸಾಲಿಗೆ ಓದುಗರು ಅಭಿಪ್ರಾಯ ಬರೆದಿದ್ದಾರೆ. ಆಪ್ತಸಲಹೆಗಾರ್ತಿಯ ಕೋಣೆಯಲ್ಲಿ ಆಗದ್ದು ಈ ಗೋಡೆಯಲ್ಲಿ ಆಗುತ್ತದೆ. ಅವಳು ಒಂಟಿಯಲ್ಲ ಎಂಬುದು ಅವಳಿಗೆ ಮೊದಲ ಸಲ ಗೊತ್ತಾಗುವುದು ಇಲ್ಲಿ, ಯಾರ ಮುಖವನ್ನೂ ನೋಡಬೇಕಾಗಿಲ್ಲದ, ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಜಾಗದಲ್ಲಿ.

ಇನ್ನೊಂದು ಜಾಗವೂ ಇದೆ. ಶಾಲೆಯ ಜಾಡಮಾಲಿ ಬಿಟ್ಟುಹೋದ ಸಾಮಾನು ಕೋಣೆಯನ್ನು ಅವಳು ತನ್ನ ಅಡಗುತಾಣ ಮಾಡಿಕೊಂಡಿದ್ದಾಳೆ. ಅಲ್ಲಿನ ಕನ್ನಡಿಯಲ್ಲಿ ತನ್ನ ಮುಖ ಕಾಣಬಾರದೆಂದು ಅದರ ಮೇಲೆ ಮಾಯಾ ಏಂಜೆಲೊ ಅವರ ಭಿತ್ತಿಚಿತ್ರ ಅಂಟಿಸುತ್ತಾಳೆ. ಅದನ್ನು ಕೊಟ್ಟವರು ಶಾಲೆಯ ಲೈಬ್ರೇರಿಯನ್. ಆ ಲೇಖಕಿಯ ಪುಸ್ತಕವೊಂದನ್ನು ಶಾಲಾ ಮಂಡಳಿ ನಿಷೇಧಿಸಿದ್ದರಿಂದ ಚಿತ್ರ ಗೋಡೆಯಿಂದ ಇಳಿದಿತ್ತು. ಏಂಜೆಲೊ ಎಳೆಯ ವಯಸ್ಸಿನಲ್ಲಿ ಅತ್ಯಾಚಾರಕ್ಕೆ ಒಳಗಾಗಿ, ಮಾಡಿದವನ ಹೆಸರು ಹೇಳಿ, ಅವನು ಕೊಲೆಯಾದಾಗ ತನ್ನ ದನಿಯೇ ಅವನನ್ನು ಕೊಂದಿತೆಂದು ನಂಬಿ ಸುಮಾರು ಐದು ವರ್ಷ ಮಾತು ಬಿಟ್ಟಿದ್ದವರು. 1969ರ ತಮ್ಮ ಆತ್ಮಕತೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ. ಕಾದಂಬರಿ ಈ ಸಂಬಂಧವನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಮಂಡಳಿಗೆ ಬೇಡವಾದ ಲೇಖಕಿಯ ಮುಖ ಮಾತು ಸತ್ತ ಹುಡುಗಿಯ ಕೋಣೆ ಸೇರಿತು, ಅಷ್ಟೇ. ಕೊನೆಗೆ ಆಂಡಿ ಅದೇ ಕೋಣೆಯಲ್ಲಿ ಅವಳನ್ನು ಅಡ್ಡಗಟ್ಟಿದಾಗ ಅವಳು ಕಿರುಚುತ್ತಾಳೆ, ಒಡೆದ ಕನ್ನಡಿಯ ಚೂರು ಅವಳ ಕೈಗೆ ಬರುತ್ತದೆ, ಆಟದ ಮೈದಾನದಿಂದ ಬಂದಿದ್ದ ಹುಡುಗಿಯರು ಬಾಗಿಲಿಗೆ ಓಡಿಬರುತ್ತಾರೆ.

ಮಿಸೌರಿಯಲ್ಲಿ ಪ್ರಾಧ್ಯಾಪಕರು ಆಕ್ಷೇಪಿಸಿದ್ದ ಪುಸ್ತಕಗಳ ಬಗ್ಗೆ ಅಲ್ಲಿನ ಒಂದು ಊರಿನ ಶಾಲಾ ಮಂಡಳಿ 2011ರ ಜುಲೈಯಲ್ಲಿ ತೀರ್ಮಾನ ಕೈಗೊಂಡಿತು. ಎರಡು ಪುಸ್ತಕಗಳನ್ನು ತೆಗೆಯಿತು, ‘ಸ್ಪೀಕ್’ ಅನ್ನು ಉಳಿಸಿಕೊಂಡಿತು.

ಉಳಿಸಿಕೊಂಡರಷ್ಟೇ ಸಾಲದು, ಎಲ್ಲಿ ಇಡುತ್ತಾರೆ ಎಂಬುದೂ ಮುಖ್ಯ. ನಾನು ಓದಿದ ಶಾಲೆಯಲ್ಲಿ ಪುಸ್ತಕಗಳು ಗಾಜಿನ ಬಾಗಿಲಿನ ಬೀರುವಿನಲ್ಲಿದ್ದವು. ಬೀಗದ ಕೈ ಮೇಷ್ಟರ ಬಳಿ. ಬೇಕಾದ ಪುಸ್ತಕದ ಹೆಸರು ಹೇಳಬೇಕು, ಯಾಕೆ ಬೇಕೆಂದು ಕೇಳಿದರೆ ಅದನ್ನೂ ಹೇಳಬೇಕು. ಇಂದಿಗೂ ನಮ್ಮ ಎಷ್ಟೋ ಶಾಲೆಗಳಲ್ಲಿ ವ್ಯವಸ್ಥೆ ಇದೇ. ಮಾತು ಸಿಕ್ಕಿಹಾಕಿಕೊಂಡ ಮಗು ಆ ಬೀರುವಿನವರೆಗೆ ಬಂದು ವಾಪಸು ಹೋಗುತ್ತದೆ. ಶಿಕ್ಷಕರಲ್ಲಿ, ಮುಖ್ಯೋಪಾಧ್ಯಾಯರಲ್ಲಿ ನನ್ನ ಕೋರಿಕೆ ಇಷ್ಟು: ಇಂಥ ಪುಸ್ತಕಗಳನ್ನು ಎಂಟು, ಒಂಬತ್ತನೇ ತರಗತಿಯ ಮಕ್ಕಳ ಕೈಗೆಟಕುವ ತೆರೆದ ಕಪಾಟಿನಲ್ಲಿ ಇಡಿ. ಯಾರು ತೆಗೆದುಕೊಂಡರೆಂದು ಕೂಡಲೇ ವಿಚಾರಿಸಬೇಡಿ. ಪುಸ್ತಕ ಹಿಂದಿರುಗಿಸಲು ಮಗು ಬಂದಾಗ ಕೈಯಲ್ಲಿರುವ ಕೆಲಸ ಬದಿಗಿಟ್ಟು ಸ್ವಲ್ಪ ಹೊತ್ತು ಅಲ್ಲೇ ಇರಿ.